ಗ್ರೈಂಡರ್, ಓವನ್, ಮಿಕ್ಸಿ ಎಲ್ಲಿಡುದು ಮಾರಾಯ್ರೆ? ಮುಂಬೈಯ ಸಣ್ಣ ಕಿಚನ್‌ನಲ್ಲಿ ಕಟ್ಟೆ ಖಾಲಿ ಮಾಡುವ ಪೂರ್ತಿ ಗೈಡ್

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಒಂದು ಸಾಧಾರಣ ವನ್ ಬಿಎಚ್‌ಕೆ ತಗೊಳ್ಳಿ. ಅಡುಗೆಮನೆ ಕಟ್ಟೆ, ಇಲ್ಲಿಯವರು ಓಟಾ ಹೇಳ್ತಾರಲ್ಲ ಅದು, ಉದ್ದ ಏಳೆಂಟು ಅಡಿ, ಅಗಲ ಎರಡು ಅಡಿ. ಸಿಂಕ್ ಮತ್ತೆ ಪಾತ್ರೆ ಕವುಚಿ ಹಾಕುವ ಜಾಗ ಸೇರಿ ಎರಡೂವರೆ ಅಡಿ ಹೋಯ್ತು, ಗ್ಯಾಸ್ ಸ್ಟವ್ವಿಗೆ ಮತ್ತೆರಡೂವರೆ, ಉಳಿದದ್ದು ಎರಡು ಮೂರು ಅಡಿ. ಅಷ್ಟರಲ್ಲೇ ಮಿಕ್ಸಿ, ವೆಟ್ ಗ್ರೈಂಡರ್, ಓವನ್, ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಏರ್ ಫ್ರೈಯರ್ ಎಲ್ಲ ಕೂತ್ರೆ ಚಪಾತಿ ಲಟ್ಟಿಸ್ಲಿಕ್ಕೆ ಜಾಗ ಎಲ್ಲಿ? ಹೆಚ್ಚಿನ ಮನೆಗಳಲ್ಲಿ ತರಕಾರಿ ಹೆಚ್ಚುದು ಹಾಲ್‌ನಲ್ಲಿ ಟಿವಿ ಎದುರು ಕೂತೇ. ನಮ್ಮ ಕರಾವಳಿಯವರಿಗೆ ಇನ್ನೊಂದು ತಾಪತ್ರಯ ಉಂಟು, ಇಡ್ಲಿ, ಉದ್ದಿನ ದೋಸೆ, ಪತ್ರೊಡೆ ಅಂತ ಕಡೆಯುವ, ಅಂದ್ರೆ ರುಬ್ಬುವ, ಕೆಲಸ ತಪ್ಪುದಿಲ್ಲ, ಹಾಗಾಗಿ ಪಕ್ಕದ ಮನೆಯವರ ಹಾಗೆ ಗ್ರೈಂಡರ್ ಇಲ್ಲದೆ ಬದುಕ್ಲಿಕ್ಕೂ ಆಗುದಿಲ್ಲ.

ಇದಕ್ಕೆ ವೀಡಿಯೋಗಳಲ್ಲಿ ತೋರಿಸುವ ಟಾಲ್ ಯುನಿಟ್, ಪ್ಯಾಂಟ್ರಿ, ಗುಂಡಿ ಒತ್ತಿದ್ರೆ ಮಿಕ್ಸರ್ ಮೇಲೆ ಬರುವ ಲಿಫ್ಟ್ ಎಲ್ಲ ದೊಡ್ಡ ಕಿಚನ್ನಿನವರಿಗೆ. ನಮಗೆ ಬೇಕಾದ್ದು ಬೇರೆ. ನನ್ನ ಲೆಕ್ಕದಲ್ಲಿ ಯಾವ ಸಾಮಾನು ಎಲ್ಲಿ ಅಂತ ತೀರ್ಮಾನ ಮಾಡ್ಬೇಕಾದ್ದು ಅದರ ಭಾರ ನೋಡಿ, ಗಾತ್ರ ನೋಡಿ ಅಲ್ಲ. ದೊಡ್ಡ ಆದ್ರೆ ಹಗುರದ ಇಡ್ಲಿ ಅಟ್ಟವನ್ನು (ಇಡ್ಲಿ ಬೇಯಿಸುವ ಪಾತ್ರೆ) ಎಲ್ಲಿ ಬೇಕಾದ್ರೂ ತುರುಕಬಹುದು. ಹನ್ನೆರಡು ಕಿಲೋದ ಗ್ರೈಂಡರನ್ನು ಎತ್ತಿ ಇಳಿಸುವ ಹಾಗೆ ಇಟ್ರೆ ಎರಡು ವಾರ ಉತ್ಸಾಹದಲ್ಲಿ ಇಳಿಸ್ತೀರಿ, ಆಮೇಲೆ ಅದು ಮತ್ತೆ ಕಟ್ಟೆಗೇ ಬಂದು ಕೂರ್ತದೆ ಇಲ್ಲಾ ಮಾಳದಲ್ಲೇ, ಅಂದ್ರೆ ಮೇಲಿನ ಲಾಫ್ಟಿನಲ್ಲೇ, ರಿಟೈರ್ ಆಗ್ತದೆ. ಭಾರದ್ದನ್ನು ಎತ್ತುವ ಹಾಗೆ ಇಡ್ಬೇಡಿ, ಎಳೆಯುವ ಹಾಗೆ ಇಡಿ. ಕೆಳಗೆ ಬರೆದ ಸ್ಟೆಪ್ ಎಲ್ಲ ಇದರ ಮೇಲೆಯೇ ನಿಂತಿರುದು.

ಸ್ಟೆಪ್ 1: ಮೊದ್ಲು ತೂಕ ನೋಡಿ

ಮೈ ತೂಕ ನೋಡುವ ಮಿಷನ್ ಸಾಕು. ಮೊದ್ಲು ನೀವೊಬ್ರೇ ನಿಂತು ನೋಡಿ, ಆಮೇಲೆ ಸಾಮಾನು ಹಿಡ್ಕೊಂಡು ನಿಂತು ನೋಡಿ, ಎರಡರ ವ್ಯತ್ಯಾಸವೇ ಸಾಮಾನಿನ ತೂಕ. ಓವನ್‌ನಂಥ ದೊಡ್ಡದನ್ನು ಹಿಡ್ಕೊಂಡು ಸರ್ಕಸ್ ಬೇಡ, ಬಾಕ್ಸಿನ ಮೇಲೆ ಅಥವಾ ಅದರ ಬುಕ್ಕಿನಲ್ಲಿ ತೂಕ ಬರ್ದಿರ್ತದೆ.

ಸುಮಾರಾಗಿ ಹೇಳುದಾದ್ರೆ 2 ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ 10ರಿಂದ 14 ಕಿಲೋ, ಬಗ್ಗಿಸಿ ಹಿಟ್ಟು ತೆಗೆಯುವ ಟಿಲ್ಟಿಂಗ್ ಆದ್ರೆ ಇನ್ನೂ ಹೆಚ್ಚು. 28 ಲೀಟರಿನ ಕನ್ವೆಕ್ಷನ್ ಮೈಕ್ರೋವೇವ್ 16ರಿಂದ 19 ಕಿಲೋ, 20 ಲೀಟರಿನ ಸಾದಾ ಮೈಕ್ರೋವೇವ್ 10ರಿಂದ 12. ಓಟಿಜಿ, ಅಂದ್ರೆ ಓವನ್ ಟೋಸ್ಟರ್ ಗ್ರಿಲ್, ನೋಡ್ಲಿಕ್ಕೆ ಅಷ್ಟೇ ದೊಡ್ಡದು, ಒಳಗೆಲ್ಲ ಖಾಲಿ, 6ರಿಂದ 9 ಕಿಲೋ ಅಷ್ಟೆ. ಏರ್ ಫ್ರೈಯರ್ 4ರಿಂದ 5, ಮಿಕ್ಸಿಯ ಬಾಡಿ ಮಾತ್ರ ಆದ್ರೆ 3ರಿಂದ 4. ನೋಡಿ, ಮೈಕ್ರೋವೇವ್ ಮತ್ತೆ ಓಟಿಜಿ ಅಣ್ಣ ತಮ್ಮನ ಹಾಗೆ ಕಂಡ್ರೂ ಒಂದು ಇನ್ನೊಂದರ ಡಬಲ್ ಭಾರ, ಒಂದೇ ಶೆಲ್ಫ್ ಎರಡಕ್ಕೂ ಆಗ್ತದೆ ಅಂತ ಸುತಾರನಿಗೆ (ಬಡಗಿಗೆ) ಹೇಳುವ ಮೊದ್ಲು ಇದು ಗೊತ್ತಿರ್ಬೇಕು.

7 ಕಿಲೋಕ್ಕಿಂತ ಹೆಚ್ಚಿನದ್ದೆಲ್ಲ ಭಾರದ್ದು ಅಂತ ಬರ್ಕೊಳ್ಳಿ. ಮನೆಯಲ್ಲಿ ಸೊಂಟ ನೋವಿನವರು, ವಯಸ್ಸಾದವರು ಕಡೆಯುವ ಕೆಲಸ ಮಾಡುದಾದ್ರೆ 5 ಕಿಲೋ ಅಂತ ಇಟ್ಕೊಳ್ಳಿ.

ಸ್ಟೆಪ್ 2: ಎಷ್ಟು ಸಲ ಬಳಸ್ತೀರಿ ಅಂತ ನಿಜ ಹೇಳಿ

ಮುಂದೆ ಮಾಡುವ ಪ್ಲಾನ್ ಬೇಡ, ಹೋದ ತಿಂಗಳು ಏನಾಯ್ತು ಅಂತ ನೋಡಿ. ಕೇಕ್ ಮಾಡ್ತೇನೆ ಅಂತ ಓಟಿಜಿ ತಂದು ಅದರೊಳಗೆ ಬಾಣಲೆ, ತವಾ ತುಂಬಿಸಿಟ್ಟ ಮನೆ ಎಷ್ಟಿಲ್ಲ.

ದಿನಾ ಬಳಸುದು ಕಟ್ಟೆ ಮೇಲೆ ಇರ್ಲಿ. ನಮ್ಮಂಥವರ ಮನೆಯಲ್ಲಿ ಅದು ಮಿಕ್ಸಿ ಒಂದೇ. ತೆಂಗಿನಕಾಯಿ ಅರೆಯದ ದಿನ ಇಲ್ಲ, ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಕೊದ್ದೆಲಿಗೋ ಗಸಿಗೋ ಮಸಾಲೆ. ಅದನ್ನು ಕೂಡ ದಿನಾ ಒಳಗಿಟ್ಟು ತೆಗೀರಿ ಅನ್ನುವವರ ಮನೆಯಲ್ಲಿ ಬಹುಶಃ ಕಾಯಿ ಅರೆಯುದಿಲ್ಲ. ಮಿಕ್ಸಿ ಬಾಡಿ ಮಾತ್ರ ಹೊರಗೆ, ಜಾರ್‌ಗಳು ಕೆಳಗಿನ ಟ್ರಾಲಿಯಲ್ಲಿ, ಅಂದ್ರೆ ಡ್ರಾವರಿನಲ್ಲಿ, ಅಷ್ಟರಲ್ಲೇ ಅರ್ಧ ಅಡಿ ಜಾಗ ಸಿಗ್ತದೆ. ವಾರಕ್ಕೆ ಒಂದೆರಡು ಸಲ ಬಳಸುವ ಗ್ರೈಂಡರ್ ಕಟ್ಟೆ ಕೆಳಗೆ, ಚಕ್ರದ ಮೇಲೆ. ತಿಂಗಳಿಗೊಮ್ಮೆ ಎರಡು ಸಲದ ಓವನ್ ಸೊಂಟದ ಎತ್ತರದ ರ‍್ಯಾಕಿನಲ್ಲಿ. ವರ್ಷಕ್ಕೊಮ್ಮೆ ಚೌತಿಗೋ ದೀಪಾವಳಿಗೋ ಬೇಕಾಗುದು ಮಾಳಕ್ಕೆ, ಆದ್ರೆ ಹಗುರದ್ದಾದ್ರೆ ಮಾತ್ರ.

ಸ್ಟೆಪ್ 3: ಟೇಪ್ ಹಿಡಿಯಿರಿ

ಸಾಮಾನಿನ ಉದ್ದ ಅಗಲ ಎಲ್ಲರೂ ಅಳೀತಾರೆ. ಬಿಟ್ಟು ಹೋಗುದು ಎರಡು. ಒಂದು, ಮುಚ್ಚಳ ತೆರೆದಾಗಿನ ಎತ್ತರ, ಮಿಕ್ಸಿಗೆ ದೊಡ್ಡ ಜಾರ್ ಕೂರಿಸಿ ಅಳೀರಿ, ಮೈಕ್ರೋವೇವಿನ ಬಾಗಿಲು ಪೂರ್ತಿ ತೆರೆದ್ರೆ ಎಲ್ಲಿಗೆ ಬರ್ತದೆ ನೋಡಿ. ಇನ್ನೊಂದು ಹಿಂದಿನ ವಯರ್, ಅದು ಮಡಚಿ ನಿಲ್ಲಲಿಕ್ಕೆ ಎರಡು ಇಂಚಾದ್ರೂ ಬೇಕು.

ಇಲ್ಲಿಯ ಓಟಾ ನೆಲದಿಂದ 32ರಿಂದ 34 ಇಂಚು ಎತ್ತರ ಇರ್ತದೆ, ಮೇಲಿನ ಕಲ್ಲಿನ ದಪ್ಪ ಕಳೆದ್ರೆ ಕೆಳಗೆ ಸಿಗುದು ಸುಮಾರು 30 ಇಂಚು. ಹಳೆ ಬಿಲ್ಡಿಂಗ್‌ಗಳಲ್ಲಿ ನಡುವೆ ಒಂದು ಕಡಪ ಕಲ್ಲಿನ ಶೆಲ್ಫ್ ಅಡ್ಡ ಹಾಕಿರ್ತಾರೆ, ಆಗ ಪ್ರತಿ ಖಾನೆ 14 ಇಂಚು ಆಯ್ತು, ಗ್ರೈಂಡರ್ ಡ್ರಮ್ ಸಮೇತ ಕೆಲವು ಸಲ ಅಲ್ಲಿ ಕೂರುದಿಲ್ಲ. ಹಾಗಂತ ಕಡಪ ಒಡೆಸ್ಲಿಕ್ಕೆ ಹೋಗ್ಬೇಡಿ. ಮೇಲಿನ ಗ್ರಾನೈಟಿಗೆ ಆಧಾರ ಅದರ ನಿಂತ ಕಲ್ಲುಗಳೇ, ಒಂದನ್ನು ತೆಗೀಲಿಕ್ಕೆ ಹೋಗಿ ಇನ್ನೊಂದು ಅಲುಗಾಡಿದ್ರೆ ಇಡೀ ಓಟಾ ಕೆಲಸ ಮೈ ಮೇಲೆ ಬಂತು. ಡ್ರಮ್ ಬೇರೆ, ಕೆಳಗಿನ ಮೋಟಾರ್ ಬಾಡಿ ಬೇರೆ ಮಾಡಿ ಇಟ್ರೆ ಸರಿ ಹೋಗ್ತದೆ, ಟೇಬಲ್‌ಟಾಪ್‌ನಲ್ಲಿ ಡ್ರಮ್ ಎತ್ತಿದ್ರೆ ಬಂದೇ ಬರ್ತದೆ.

ಸ್ಟೆಪ್ 4: ಸಿಲಿಂಡರ್ ಜಾಗ ನೋಡಿ, ಅದೇ ಬಂಗಾರ

ಮುಂಬೈಯಲ್ಲಿ ಮಹಾನಗರ್ ಗ್ಯಾಸಿನ ಪೈಪ್‌ಲೈನ್ ಬಂದ ಬಿಲ್ಡಿಂಗ್ ಆದ್ರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಮೊದ್ಲು ಓಟಾ ಕೆಳಗೆ ಸಿಲಿಂಡರ್ ನಿಲ್ತಿದ್ದ ಖಾನೆಗೆ ನಡುವಿನ ಶೆಲ್ಫ್ ಇರುದಿಲ್ಲ, ನೆಲದ ಮಟ್ಟದಲ್ಲೇ ಉಂಟು, ಎದುರಿಗೆ ಹೊಸ್ತಿಲೂ ಇಲ್ಲ. ಎಷ್ಟೋ ಮನೆಗಳಲ್ಲಿ ಪೈಪ್ ಬಂದು ವರ್ಷ ಕಳೆದ್ರೂ ಅಲ್ಲಿ ಹಳೆ ಪೇಪರ್, ಪ್ಲಾಸ್ಟಿಕ್ ಚೀಲದೊಳಗೆ ಪ್ಲಾಸ್ಟಿಕ್ ಚೀಲ, ಒಡೆದ ಬಕೆಟ್. ಅದನ್ನೆಲ್ಲ ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ಕೊಟ್ಟು ಗ್ರೈಂಡರ್ ಅಲ್ಲಿಗೆ ತನ್ನಿ. ಆದ್ರೆ ಗ್ಯಾಸ್ ಪೈಪಿನ ವಾಲ್ವ್ ಅಲ್ಲೇ ಇದ್ರೆ ಅದಕ್ಕೆ ಕೈ ಹೋಗುವ ಹಾಗೆ ಜಾಗ ಬಿಡಿ, ಮೀಟರ್ ಮುಚ್ಚಿ ಕಪಾಟು ಮಾಡಿಸ್ಬೇಡಿ.

ಇನ್ನೂ ಸಿಲಿಂಡರೇ ಇದ್ರೆ ಆ ಖಾನೆ ಮರೆತು ಬಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲಕ್ಕೆ ಇಳಿದು ಅಲ್ಲೇ ನಿಲ್ತದೆ, ಪಕ್ಕದಲ್ಲೇ ಮೋಟಾರ್ ಸಾಮಾನು ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತುದು ಅಂದ್ರೆ ಕಿಡಿಯನ್ನು ಕರೆದು ಕೂರಿಸಿದ ಹಾಗೆ. ಹೆಚ್ಚುವರಿ ಸಿಲಿಂಡರ್ ಕೂಡ ಬಾಗಿಲು ಹಾಕಿದ ಟ್ರಾಲಿಯೊಳಗೆ ಬೇಡ, ಗಾಳಿ ಆಡ್ಬೇಕು.

ಸ್ಟೆಪ್ 5: ಚಕ್ರದ ಹಲಗೆ ಮಾಡಿ

ಈ ಗೈಡಿನಲ್ಲಿ ಒಂದೇ ಒಂದು ಕೆಲಸ ಮಾಡ್ತೇನೆ ಅನ್ನುವವರು ಇದನ್ನು ಮಾಡಿ.

ಬೇಕಾದ್ದು 18 ಅಥವಾ 19 ಎಂಎಂ ಪ್ಲೈವುಡ್ಡಿನ ಒಂದು ತುಂಡು, ಗ್ರೈಂಡರಿನ ಬುಡಕ್ಕಿಂತ ನಾಲ್ಕೂ ಕಡೆ ಒಂದೊಂದು ಇಂಚು ದೊಡ್ಡದು. ಪ್ಲೈ ಅಂಗಡಿಯಲ್ಲಿ ಮರೀನ್ ಪ್ಲೈ ಕೇಳಿ, ಶೀಟಿನ ಮೇಲೆ ಐಎಸ್ 710 ಅಂತ ಪ್ರಿಂಟ್ ಇರ್ತದೆ. ಇಡೀ ಶೀಟ್ ಬೇಡ, ಕಟ್ ಮಾಡಿ ಉಳಿದ ತುಂಡು ಪ್ರತಿ ಅಂಗಡಿಯಲ್ಲೂ ಬಿದ್ದಿರ್ತದೆ, ಅರ್ಧ ಬೆಲೆಗೆ ಕೊಡ್ತಾರೆ. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡವೇ ಬೇಡ, ಜೂನ್‌ನಿಂದ ಸೆಪ್ಟೆಂಬರ್ ತನಕದ ಇಲ್ಲಿಯ ತೇವಕ್ಕೆ, ಮೇಲಿಂದ ಗ್ರೈಂಡರ್ ತೊಳೆದ ನೀರು ಬಿದ್ರೆ, ಅದು ಉಬ್ಬಿ ಸ್ಕ್ರೂ ಎಲ್ಲ ಕಳಚಿ ಬರ್ತದೆ.

ಚಕ್ರ ನಾಲ್ಕು, 2 ಇಂಚಿನದ್ದು, ರಬ್ಬರಿನದ್ದು ಅಥವಾ ಪಿಯು (ಪಾಲಿಯುರಿಥೇನ್), ಟೈಲ್ಸಿಗೆ ಗೀರು ಬೀಳುದಿಲ್ಲ. ಕಡಿಮೆ ಅಂದ್ರೆ ಎರಡಕ್ಕೆ ಬ್ರೇಕ್ ಇರ್ಲಿ, ನಾಲ್ಕಕ್ಕೂ ಇದ್ರೆ ಒಳ್ಳೆದು. ನಿಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ರೆ ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ಹೋಗಿ, ಅಲ್ಲಿ ಸಿಗದ ಚಕ್ರ ಇಲ್ಲ. ಪಕ್ಕದಲ್ಲೇ ಲೋಹಾರ್ ಚಾಳ್, ಸ್ವಿಚ್ಚು ಸಾಕೆಟ್ಟು ವಯರ್ ಬೇಕಾದ್ರೆ ಅದೂ ಅದೇ ಟ್ರಿಪ್ಪಿನಲ್ಲಿ ಮುಗೀತದೆ, ಭಾನುವಾರ ಮಾತ್ರ ಹೋಗ್ಬೇಡಿ, ಹೋಲ್‌ಸೇಲ್ ಅಂಗಡಿಗಳು ಮುಚ್ಚಿರ್ತವೆ.

ಚಕ್ರ ಎಷ್ಟು ಭಾರ ತಡೀತದೆ ಅಂತ ಕೇಳಿಯೇ ತಗೊಳ್ಳಿ. ಲೆಕ್ಕ ಹೀಗೆ: ಒಟ್ಟು ಭಾರವನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಿ. ನೆಲ ಎಲ್ಲಿಯೂ ಪೂರ್ತಿ ಸಮ ಇರುದಿಲ್ಲ, ಎಳೆಯುವಾಗ ಒಂದು ಚಕ್ರ ಗಾಳಿಯಲ್ಲೇ ಇರ್ತದೆ. ಗ್ರೈಂಡರ್ 14, ಒಳಗೆ ಅಕ್ಕಿ ಉದ್ದು ನೀರು 3, ಹಲಗೆ 2, ಒಟ್ಟು 19 ಅಂದ್ರೆ ಒಂದೊಂದು ಚಕ್ರ ಏಳು ಕಿಲೋ ತಡೀಬೇಕು. 25 ಕಿಲೋ ಬರ್ದ ಚಕ್ರ ಧಾರಾಳ ಆಯ್ತು.

ಚಕ್ರವನ್ನು ಹಲಗೆಯ ಮೂಲೆಗೆ ಆದಷ್ಟು ಹತ್ರ ಇಡಿ, ಒಳಗೆ ಸರಿಸಿದಷ್ಟು ಮಗುಚುವ ಚಾನ್ಸ್ ಹೆಚ್ಚು. ಸ್ಕ್ರೂ 16 ಎಂಎಂ ಸಾಕು, 19ರ ಪ್ಲೈಗೆ 25ರ ಸ್ಕ್ರೂ ಹಾಕಿದ್ರೆ ಮೇಲೆ ಮೊನೆ ಎದ್ದು ನಿಲ್ತದೆ. ಪ್ಲೈಯ ಕತ್ತರಿಸಿದ ಅಂಚುಗಳಿಗೆ ಎರಡು ಕೋಟ್ ಆಯಿಲ್ ಪೇಂಟ್ ಹೊಡೀರಿ, ನೀರು ಒಳಗೆ ಹೋಗುದು ಅಂಚಿನಿಂದಲೇ. ಮೇಲೆ ಒಂದು ರಬ್ಬರ್ ಮ್ಯಾಟ್. ನಾಲ್ಕೂ ಬದಿಗೆ ಅರ್ಧ ಇಂಚಿನ ಮರದ ಪಟ್ಟಿ ಹೊಡೆದ್ರೆ ಎಳೆಯುವಾಗ ಗ್ರೈಂಡರ್ ಜಾರುದಿಲ್ಲ. ಎದುರಿನ ಬದಿಗೆ ಒಂದು ಡ್ರಾವರ್ ಹ್ಯಾಂಡಲ್ ಹಾಕಿಸಿ, ಬಗ್ಗಿ ಗ್ರೈಂಡರಿನ ಕುತ್ತಿಗೆ ಹಿಡಿದು ಎಳೆಯುದು ತಪ್ಪುತ್ತದೆ.

ಒಂದು ಮಾತು, ಇಷ್ಟೆಲ್ಲ ಆದ ಮೇಲೆ ಒಟ್ಟು ಎತ್ತರ ಮೂರು ಇಂಚಿನ ಮೇಲೆ ಏರ್ತದೆ, ಸ್ಟೆಪ್ 3ರ ಅಳತೆಗೆ ಅದನ್ನು ಸೇರಿಸಿ.

ಕಡೆಯುವಾಗ ಏನು ಮಾಡುದು? ಟೇಬಲ್‌ಟಾಪ್ ಆದ್ರೆ ಹೊರಗೆ ಎಳೆದು, ಇದ್ದಷ್ಟೂ ಬ್ರೇಕ್ ಹಾಕಿ, ಹಲಗೆ ಮೇಲೆಯೇ ಓಡಿಸಬಹುದು, ಮೊದಲ ಸಲ ಎದುರಿಗೆ ನಿಂತು ನೋಡಿ, ಅಲುಗಾಡಿ ಸರೀತಿದ್ರೆ ನೆಲಕ್ಕೆ ಇಳಿಸಿ. ಟಿಲ್ಟಿಂಗ್ ಆದ್ರೆ ನೆಲಕ್ಕೇ ಇಳಿಸಿ, ಬಗ್ಗಿಸಿ ಹಿಟ್ಟು ತೆಗೆಯುವಾಗ ಭಾರ ಎಲ್ಲ ಒಂದು ಕಡೆಗೆ ಬೀಳ್ತದೆ. ಊರಿಂದ ಬಂದ ಅತ್ತೆಗೆ ಮಾತ್ರ ಈ ವ್ಯವಸ್ಥೆ ಭಾರಿ ಖುಷಿ, "ಕಡೆಯುವ ಕಲ್ಲಿನ ಹಾಗೆ ಮಣೆ ಹಾಕಿ ಕೂತೇ ಕಡೀಬಹುದು, ಒಳ್ಳೆದಾಯ್ತು ಮಾರಾಯ್ತಿ" ಅಂದ್ರು.

ಎತ್ತಲೇಬೇಕಾದ್ರೆ ಬಿಡಿಸಿ ಎತ್ತಿ. ಮೊದ್ಲು ಕಲ್ಲು, ಆಮೇಲೆ ಡ್ರಮ್, ಕೊನೆಗೆ ಬಾಡಿ. ಮೊಣಕಾಲು ಮಡಚಿ ಕೂತು, ಸಾಮಾನನ್ನು ಹೊಟ್ಟೆಗೆ ತಾಗಿಸ್ಕೊಂಡು ಏಳಿ, ಸೊಂಟ ಬಗ್ಗಿಸಿ ಕೈ ಚಾಚಿ ಎತ್ತಿದ್ರೆ ಹತ್ತು ಕಿಲೋ ಕೂಡ ಸಾಕು ಹದಿನೈದು ದಿನ ಮಲಗಿಸ್ಲಿಕ್ಕೆ.

ಸ್ಟೆಪ್ 6: ಟ್ರಾಲಿಯೊಳಗೆ ಇಡುದಾದ್ರೆ

ಮುಂಬೈ ಪುಣೆ ಕಡೆ ಕಿಚನ್ ಡ್ರಾವರಿಗೆಲ್ಲ ಟ್ರಾಲಿ ಅಂತಲೇ ಹೇಳುದು. ಸ್ಟೀಲ್ ತಂತಿಯ ಬುಟ್ಟಿ ಇರುವ ಟ್ರಾಲಿ ಪಾತ್ರೆಗೆ ಮಾಡಿದ್ದು. ಅದರಲ್ಲಿ ಗ್ರೈಂಡರ್ ಬಾಡಿ ಇಟ್ರೆ ಭಾರ ಎಲ್ಲ ನಾಲ್ಕು ಕಾಲಿನ ಅಡಿಯ ನಾಲ್ಕು ತಂತಿಗೆ ಬೀಳ್ತದೆ, ತಂತಿ ಬಗ್ಗುತ್ತದೆ. ಇಡ್ಲೇಬೇಕಂದ್ರೆ ಬುಟ್ಟಿಯ ಅಡಿಗೆ ಅಳತೆಗೆ ಕತ್ತರಿಸಿದ ಪ್ಲೈ ಹಾಸಿ.

ಚಾನೆಲ್, ಅಂದ್ರೆ ಟ್ರಾಲಿ ಜಾರುವ ಬದಿಯ ಪಟ್ಟಿ, ನೋಡಿ. ಸಾಧಾರಣ ಟೆಲಿಸ್ಕೋಪಿಕ್ ಚಾನೆಲ್ ಜೋಡಿಗೆ 35 ಅಥವಾ 45 ಕಿಲೋ ಬರ್ದಿರ್ತದೆ, ಅದು ಡ್ರಾವರಿನ ತೂಕವೂ ಸೇರಿ. ಅದರ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿಸಿ, ಯಾಕಂದ್ರೆ ಪೂರ್ತಿ ಹೊರಗೆ ಎಳೆದು ನಿಲ್ಲಿಸಿದಾಗ ಸ್ಕ್ರೂ ಮೇಲೆ ಬೀಳುವ ಜಗ್ಗು ಬೇರೆಯೇ. ಭಾರದ್ದು ಯಾವಾಗ್ಲೂ ಎಲ್ಲಕ್ಕಿಂತ ಕೆಳಗಿನ ಟ್ರಾಲಿಗೆ. ಹೊಸದಾಗಿ ಮಾಡಿಸ್ತಾ ಇದ್ರೆ ಸುತಾರನಿಗೆ "ದಾದಾ, ಇದರಲ್ಲಿ ಹದಿನೈದು ಕಿಲೋದ ಮಿಷನ್ ಬರ್ತದೆ" ಅಂತ ಮೊದಲೇ ಹೇಳಿ, ಅವನಿಗೆ ಅರ್ಥ ಆಗುವ ಮರಾಠಿಯಲ್ಲಿ, ಅವನು ಹೋದ ಮೇಲೆ ಹೇಳಿದ್ರೆ ಪ್ರಯೋಜನ ಇಲ್ಲ.

ಸ್ಟೆಪ್ 7: ಓವನ್‌ಗೆ ರ‍್ಯಾಕ್, ಅದೂ ಸೊಂಟದಿಂದ ಎದೆಯೊಳಗೆ

ಮೈಕ್ರೋವೇವ್, ಓಟಿಜಿಯನ್ನು ತಲೆ ಎತ್ತರದಲ್ಲಿ ಗೋಡೆಗೆ ಹಾಕಿಸ್ಬೇಡಿ. ಬಿಸಿ ಸಾರಿನ ಬೌಲ್ ಮುಖದ ಎತ್ತರದಿಂದ ಇಳಿಸುದು ಅಪಾಯ, ಮಕ್ಕಳು ಇದ್ರಂತೂ ಕೇಳುದೇ ಬೇಡ. ಒಳಗಿನ ತಟ್ಟೆ ಎದೆಗಿಂತ ಮೇಲೆ ಹೋಗ್ಬಾರ್ದು. ಗಾಳಿಗೆ ಜಾಗ ಬಿಡಿ, ಎಷ್ಟು ಅಂತ ಬುಕ್ಕಿನಲ್ಲಿ ಉಂಟು, ಸಾಮಾನ್ಯವಾಗಿ ಬದಿಗೆ ಹಿಂದಕ್ಕೆ 10 ಸೆಂಟಿಮೀಟರ್, ಮೇಲೆ 20 ಅಥವಾ 30. ಓಟಿಜಿಯ ಮೈ ಪೂರ್ತಿ ಬಿಸಿಯಾಗ್ತದೆ, ಅದರ ಮೇಲೆ ಪ್ಲಾಸ್ಟಿಕ್ ಡಬ್ಬಿ, ಬ್ರೆಡ್ ಪ್ಯಾಕೆಟ್ ಇಡುದು ಬಿಟ್ಟು ಬಿಡಿ. ಬಾಗಿಲಿನ ಕಪಾಟಿನೊಳಗೆ ಇಡುದಾದ್ರೆ ಉರಿಸುವಾಗ ಹೊರಗೆ ಎಳೆದುಕೊಳ್ಳಿ, ಆರಿದ ಮೇಲೆ ಒಳಗೆ.

ಎಲ್ಲಕ್ಕಿಂತ ಕಡಿಮೆ ಖರ್ಚಿನದ್ದು ತೂತು ತೂತಿನ ಆಂಗಲ್ ಪಟ್ಟಿಯ ಸ್ಟೀಲ್ ರ‍್ಯಾಕ್, ಆಫೀಸ್ ಫೈಲ್ ಇಡ್ತಾರಲ್ಲ ಅದು. ಶೆಲ್ಫಿನ ಎತ್ತರ ಬೇಕಾದಲ್ಲಿಗೆ ಬೋಲ್ಟ್ ಹಾಕಬಹುದು, ಗೋಡೆಯ ಮೇಲೆ ಭಾರ ಇಲ್ಲ, ಫ್ರಿಜ್ ಪಕ್ಕದಲ್ಲೋ ಪ್ಯಾಸೇಜಿನಲ್ಲೋ ನಿಲ್ತದೆ. ಮೇಲಿನ ತುದಿಯನ್ನು ಒಂದು ಕ್ಲ್ಯಾಂಪಿನಿಂದ ಗೋಡೆಗೆ ಹಿಡಿಸಿ, ಮುಂದಕ್ಕೆ ಮಗುಚದ ಹಾಗೆ. ಹಣ್ಣಿನ ಬುಟ್ಟಿಯ ಚಕ್ರದ ಟ್ರಾಲಿ ಆನ್‌ಲೈನ್‌ನಲ್ಲಿ ಚಂದ ಕಾಣ್ತದೆ, ಅದು ನೀರುಳ್ಳಿ ಬಟಾಟೆಗೆ ಸರಿ, ಓವನಿಗಲ್ಲ.

ಗೋಡೆಗೇ ಬ್ರಾಕೆಟ್ ಹಾಕುದಾದ್ರೆ ಗೋಡೆ ಎಂಥದು ಅಂತ ಗೊತ್ತಿರ್ಬೇಕು. ಹೊಸ ಟವರ್‌ಗಳಲ್ಲಿ ಮಿವಾನ್ ಅಂದ್ರೆ ಪೂರ್ತಿ ಕಾಂಕ್ರೀಟ್ ಗೋಡೆ, ಸಾದಾ ಡ್ರಿಲ್ ಒಳಗೆ ಹೋಗುದೇ ಇಲ್ಲ, ಹ್ಯಾಮರ್ ಡ್ರಿಲ್ ಬೇಕು, ಆದ್ರೆ ಒಮ್ಮೆ ಆಂಕರ್ ಬೋಲ್ಟ್ ಕೂತ್ರೆ ಅಲುಗುದಿಲ್ಲ. ಬೂದು ಬಣ್ಣದ ಹಗುರ ಬ್ಲಾಕ್, ಸಿಪೊರೆಕ್ಸ್ ಹೇಳ್ತಾರೆ, ಅದು ಉಲ್ಟಾ, ಡ್ರಿಲ್ ಬೆಣ್ಣೆಯ ಹಾಗೆ ಹೋಗ್ತದೆ, ಹಿಡಿತ ಮಾತ್ರ ಇಲ್ಲ. ಅದಕ್ಕೆ ಹ್ಯಾಮರ್ ಬಂದ್ ಮಾಡಿ ತೂತು ಕೊರೆದು, ಆ ಬ್ಲಾಕಿಗೇ ಮಾಡಿದ, ಸ್ಕ್ರೂ ಹಿಡಿಸುವ ಉದ್ದದ ಪ್ಲಗ್ ಹಾಕ್ಬೇಕು. ಚಾಳ್, ಹಳೆ ಬಿಲ್ಡಿಂಗಿನ ತೆಳು ಪಾರ್ಟಿಷನ್ ಗೋಡೆಗೆ ಹದಿನೆಂಟು ಕಿಲೋ ನೇತು ಹಾಕುವ ಯೋಚನೆಯೇ ಬೇಡ.

ಎಲ್ಲಿ ಇಡ್ಬಾರ್ದು

ಫ್ರಿಜ್ ಮೇಲೆ: ಅರ್ಧ ಮುಂಬೈ ಮೈಕ್ರೋವೇವನ್ನು ಅಲ್ಲೇ ಇಟ್ಟಿದೆ, ಗೊತ್ತು. ಫ್ರಿಜ್ಜಿನ ಬಾಗಿಲು ಎಳೆದಾಗೆಲ್ಲ ಅಲುಗಾಡ್ತದೆ, ಎತ್ತರ ಹೆಚ್ಚು, ಎರಡೂ ಬಿಸಿ ಹೊರಗೆ ಹಾಕುವ ಸಾಮಾನು. ಅಲ್ಲಿ ಹಗುರದ ಡಬ್ಬಿ ಇಡಿ.

ವಾಷಿಂಗ್ ಮಿಷನ್ ಮೇಲೆ: ಸ್ಪಿನ್ ಆಗುವಾಗ ಒಮ್ಮೆ ಮುಟ್ಟಿ ನೋಡಿ, ಸಾಕು.

ಬಾಕ್ಸ್ ಗ್ರಿಲ್: ಕಿಟಕಿಯ ಹೊರಗಿನ ಗ್ರಿಲ್ಲಿನಲ್ಲಿ ಹಳೆ ಗ್ರೈಂಡರ್ ಇಟ್ಟದ್ದು ಎಷ್ಟೋ ಕಡೆ ಕಾಣ್ತದೆ. ಮಳೆ, ಪಾರಿವಾಳದ ಗಲೀಜು, ತುಕ್ಕು ಹಿಡಿದ ಬೋಲ್ಟು, ಮತ್ತೆ ಕೆಳಗೆ ಜನ ನಡೀತಾರೆ. ತಕ್ಷಣ ಒಳಗೆ ತನ್ನಿ.

ಮಾಳ: ಸ್ಲ್ಯಾಬಿನ ಮಾಳ ಭಾರ ತಡೀತದೆ, ತಡೆಯದ್ದು ಸ್ಟೂಲ್ ಮೇಲೆ ನಿಂತ ಮನುಷ್ಯ. ಚಕ್ಕುಲಿ ಒರಳು, ದೊಡ್ಡ ಇಡ್ಲಿ ಅಟ್ಟ, ಕೊಟ್ಟೆ ಕಡುಬು ಬೇಯಿಸುವ ತೊಂದರು, ಖಾಲಿ ಬಾಕ್ಸ್ ಅಲ್ಲಿಗೆ ಹೋಗ್ಲಿ. 5 ಕಿಲೋ ಮೇಲಿನದ್ದು ಹೋಗ್ಲೇಬೇಕಾದ್ರೆ ಏಣಿ ಇಟ್ಟು, ಕೆಳಗಿಂದ ಕೊಡುವವರು ಒಬ್ಬರು ಮೇಲಿಂದ ತಗೊಳ್ಳುವವರು ಒಬ್ಬರು.

ಸ್ಟೆಪ್ 8: ಕರೆಂಟ್ ಇಲ್ಲದ ಜಾಗ ಜಾಗವೇ ಅಲ್ಲ

ಸಾಮಾನು ಎಲ್ಲಿ ಓಡಿಸ್ತೀರೋ ಅಲ್ಲಿ ಪ್ಲಗ್ ಪಾಯಿಂಟ್ ಉಂಟಾ ನೋಡಿ. ಸಣ್ಣ 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ಕೊಡುದು 1380 ವ್ಯಾಟ್, 500 ಅಥವಾ 750 ವ್ಯಾಟಿನ ಮಿಕ್ಸಿಗೆ, ಅದಕ್ಕಿಂತಲೂ ಕಡಿಮೆ ಎಳೆಯುವ ಗ್ರೈಂಡರಿಗೆ ಅದು ಸಾಕು. ಏರ್ ಫ್ರೈಯರ್, ಓಟಿಜಿ, ಇಂಡಕ್ಷನ್ ಹೆಚ್ಚಿನವು 1400ರಿಂದ 2000 ವ್ಯಾಟ್, ಅವಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ದೊಡ್ಡ ಪಿನ್ನಿಗೆ ಸಣ್ಣ ಕನ್ವರ್ಟರ್ ಹಾಕಿ ಎಕ್ಸ್‌ಟೆನ್ಷನ್ ಬೋರ್ಡಿಗೆ ತುರುಕುದು ಬೋರ್ಡ್ ಕರಗಿಸುವ ಸುಲಭ ದಾರಿ. ಒಂದು ಪಾಯಿಂಟ್ ಹೊಸದಾಗಿ ಎಳೆಸಿ, ಇಲೆಕ್ಟ್ರಿಷಿಯನ್‌ಗೆ ಎಷ್ಟು ವ್ಯಾಟಿನ ಸಾಮಾನು ಅಂತ ಹೇಳಿದ್ರೆ ವಯರ್ ದಪ್ಪ ಅವನೇ ನೋಡ್ತಾನೆ. ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಶಾಕ್ ಹೊಡೆದ್ರೆ ಕರೆಂಟ್ ಕಡಿಯುವ ಸ್ವಿಚ್) ಉಂಟಾ ಅಂತಲೂ ಅವನಲ್ಲೇ ಕೇಳಿ. ನೆಲದಲ್ಲಿ ನೀರು ಚೆಲ್ಲುವ ಜಾಗದಲ್ಲಿ ಗ್ರೈಂಡರ್ ಓಡಿಸುದು ತಾನೆ.

ಹೆಚ್ಚಿನ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರ್ತದೆ, ಓವರ್‌ಲೋಡ್ ಆಗಿ ನಿಂತ್ರೆ ಒತ್ತುವ ಗುಂಡಿ, ಹಾಗಾಗಿ ಮಿಕ್ಸಿಯನ್ನು ಕಟ್ಟೆಗೆ ಗಮ್ ಹಾಕಿ ಅಂಟಿಸುವವರ ಹತ್ರ ಹೋಗ್ಬೇಡಿ.

ಸ್ಟೆಪ್ 9: ಮಳೆಗಾಲಕ್ಕೆ ಮೊದ್ಲು

ಬಾಗಿಲು ಹಾಕಿದ ಜಾಗಕ್ಕೆ ಒದ್ದೆ ಸಾಮಾನು ಹೋದ್ರೆ ಜುಲೈಯಲ್ಲಿ ಬೂಷ್ಟು ಗ್ಯಾರಂಟಿ. ಗ್ರೈಂಡರ್ ತೊಳೆದು, ಕಲ್ಲು ಡ್ರಮ್ ಬೇರೆ ಮಾಡಿ, ರಾತ್ರಿಯಿಡೀ ಫ್ಯಾನಿನಡಿ ಬಿಟ್ಟು ಬೆಳಿಗ್ಗೆ ಒಳಗಿಡಿ. ಕಲ್ಲು ಹೊರಗಿಂದ ಒಣಗಿದ ಹಾಗೆ ಕಂಡ್ರೂ ನಡುವಿನ ತೂತಿನಲ್ಲಿ ನೀರು ನಿಲ್ತದೆ, ಬಟ್ಟೆ ತುದಿ ತುರುಕಿ ಒರೆಸಿ. ಮುಚ್ಚಲಿಕ್ಕೆ ಪ್ಲಾಸ್ಟಿಕ್ ಕವರ್ ಬೇಡ, ಅದರೊಳಗೆ ಬೆವರು ಕಟ್ಟುತ್ತದೆ, ಹಳೆ ಹತ್ತಿ ಪಂಚೆ ಸಾಕು.

ಜಿರಳೆಗಳಿಗೆ ಬಿಸಿ ಮೋಟಾರ್ ಇರುವ ಕತ್ತಲೆ ಜಾಗ ಅಂದ್ರೆ ಸ್ವಂತ ಫ್ಲ್ಯಾಟ್ ಸಿಕ್ಕಿದ ಹಾಗೆ. ಮಿಷನ್ನಿನ ಗಾಳಿ ತೂತಿಗೆ ಸ್ಪ್ರೇ ಹೊಡೀಬೇಡಿ, ಖಾನೆಯ ಮೂಲೆಗಳಿಗೆ ಜೆಲ್ ಚುಕ್ಕಿ ಇಡಿ, ಮತ್ತೆ ಕಡೆದ ಮೇಲೆ ಬಾಡಿಯ ಮೇಲೆ ಒಣಗಿದ ಹಿಟ್ಟು ಬಿಡ್ಬೇಡಿ, ಅವು ಬರುದೇ ಅದಕ್ಕೆ.

ಕೆಲವನ್ನು ಇಡುದೇ ಬೇಡ

ಘರ್‌ಘಂಟಿ, ಮನೆಯಲ್ಲಿ ಗೋಧಿ ಬೀಸುವ ಮಿಷನ್, ಇಲ್ಲಿಯ ಮನೆಗಳಲ್ಲಿ ಬಹಳ. ನಲ್ವತ್ತು ಕಿಲೋ ಮೇಲೆ ಬರ್ತದೆ, ಚಕ್ರ ಕಂಪನಿಯಿಂದಲೇ ಉಂಟು, ಆದ್ರೆ ಸಣ್ಣ ಫ್ರಿಜ್ಜಿನಷ್ಟು ಜಾಗ. ದಿನಾ ಮೂರು ಹೊತ್ತು ಚಪಾತಿ ಭಾಕ್ರಿ ಮಾಡುವವರಿಗೆ ಸರಿ. ಅನ್ನ ತಿನ್ನುವ ನಮಗೆ ಗಲ್ಲಿಗೊಂದು ಗಿರಣಿ ಇರುವಾಗ ಅದು ಯಾಕೆ ಅಂತ ನನಗೆ ಅರ್ಥ ಆಗುದಿಲ್ಲ. ಹಾಗೆಯೇ ಮೈಕ್ರೋವೇವ್ ಕನ್ವೆಕ್ಷನ್ ಇದ್ದವರಿಗೆ ಓಟಿಜಿ, ಓಟಿಜಿ ಇದ್ದವರಿಗೆ ಏರ್ ಫ್ರೈಯರ್, ಎಲ್ಲ ಬಿಸಿ ಗಾಳಿಯ ಕೆಲಸವೇ, ಒಂದು ಸಾಕು. ವಾರಕ್ಕೊಮ್ಮೆಯೂ ಕಡೆಯದವರು ಮಾತುಂಗದಲ್ಲಿ, ಈಗ ಎಲ್ಲಾ ಕಡೆಯೂ, ಸಿಗುವ ರೆಡಿ ಹಿಟ್ಟು ತಂದು ಗ್ರೈಂಡರನ್ನು ಯಾರಾದ್ರೂ ಹೊಸ ಸಂಸಾರದವರಿಗೆ ಕೊಡಿ, ಅವರಿಗೆ ಉಪಕಾರ ಆಗ್ತದೆ.

ಬಾಡಿಗೆ ಮನೆಯವರಿಗೆ

ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ 11 ತಿಂಗಳದ್ದು, ಓನರ್ ಡ್ರಿಲ್ ಮಾಡ್ಲಿಕ್ಕೆ ಬಿಡ್ತಾನೋ ಇಲ್ವೋ ಮೊದ್ಲೇ ಕೇಳಿ, ಬಿಟ್ರೆ ವಾಟ್ಸಾಪಿನಲ್ಲಿ ಬರೆಸ್ಕೊಳ್ಳಿ, ಇಲ್ಲಾಂದ್ರೆ ಡಿಪಾಸಿಟ್ಟಿನಲ್ಲಿ ತೂತು ಮುಚ್ಚಿದ ಲೆಕ್ಕ ಬರ್ತದೆ. ಗೋಡೆ ಕೆಲಸಕ್ಕೆ ದುಡ್ಡು ಹಾಕ್ಬೇಡಿ, ಚಕ್ರದ ಹಲಗೆ ಮತ್ತೆ ಆಂಗಲ್ ರ‍್ಯಾಕಿಗೆ ಹಾಕಿ, ಎರಡೂ ನಿಮ್ಮ ಜೊತೆ ಟೆಂಪೋ ಹತ್ತುತ್ತವೆ. ಶಿಫ್ಟಿಂಗ್ ದಿನ ಗ್ರೈಂಡರಿನ ಕಲ್ಲುಗಳನ್ನು ಡ್ರಮ್ಮಿನೊಳಗೆ ಬಿಟ್ಟು ಕಟ್ಬೇಡಿ, ಟೆಂಪೋ ರಸ್ತೆಯ ಗುಂಡಿ ಹಾರಿದಾಗ ಒಳಗಿನ ಕಲ್ಲು ಡ್ರಮ್ಮಿನ ಕಲ್ಲಿಗೆ ಹೊಡೆದು ಚಕ್ಕೆ ಏಳ್ತದೆ. ಬೆಡ್‌ಶೀಟಿನಲ್ಲಿ ಸುತ್ತಿ ಬೇರೆ ಚೀಲದಲ್ಲಿ ಹಾಕಿ, ಅದನ್ನು ಮೂವರ್ಸ್ ಹುಡುಗರ ಕೈಗೆ ಕೊಡದೆ ನಿಮ್ಮ ಕಾಲ ಹತ್ರವೇ ಇಟ್ಕೊಳ್ಳಿ, ಮೈಕ್ರೋವೇವಿನ ಗಾಜಿನ ತಟ್ಟೆಯೂ ಅದೇ ಚೀಲದ ಮೇಲ್ಗಡೆ ಬರ್ಲಿ.